ಹತ್ತಿ, ಪಟ್ಟೆ, ಗರಿ: ನಮ್ಮನೆ ಗಣೇಶನ ಮಂಟಪ

ಗಣೇಶನ ಮಂಟಪಕ್ಕೆ ಬೇಕಾದ್ದನ್ನೆಲ್ಲ ಮನೆಯಲ್ಲೇ ಮಾಡಿಕೊಳ್ಳಬೇಕು ಅಂತ ಹೊರಟರೆ, ಕೈಗೆ ಬರುತ್ತೋ ಇಲ್ಲವೋ ಅನ್ನುವ ಚಿಂತೆ ಆಮೇಲಿನದು. ಯಾವುದನ್ನು ಯಾವಾಗ ಮಾಡಬೇಕು ಅನ್ನುವುದು ಮೊದಲು ಗೊತ್ತಿರಬೇಕು. ಹತ್ತಿಯ ಕೆಲಸ ಆಷಾಢದಲ್ಲೇ ಮುಗಿಸಿ ಡಬ್ಬಿಗೆ ಹಾಕಿಟ್ಟರೂ ಕೆಡುವುದಿಲ್ಲ. ಅಡಿಕೆ ಪಟ್ಟೆ, ಅಂದ್ರೆ ಅಡಿಕೆ ಸೋಗೆಯ ಬುಡದ ಹಾಳೆ, ಒಣಗಿ ಆಕಾರಕ್ಕೆ ನಿಲ್ಲೋಕೆ ಬಿಸಿಲು ಬೇಕು, ಶ್ರಾವಣದ ಬಿಸಿಲನ್ನು ನಂಬಿ ಕೂರೋ ಹಾಗಿಲ್ಲ. ತೆಂಗಿನ ಗರಿ ಹಿಂದಿನ ಸಂಜೆ ಹೆಣೆದರೇ ಚೆನ್ನ. ಹೂವು ಅವತ್ತಿನ ಬೆಳಗಿನದು. ಈ ಲೆಕ್ಕ ಹಿಂದುಮುಂದಾದರೆ ಪೂಜೆಯ ಹೊತ್ತಿಗೆ ಒಂದೋ ಬಾಡಿದ ಮಂಟಪ, ಇಲ್ಲ ಅರ್ಧಂಬರ್ಧ ಮಂಟಪ.

ನಮ್ಮನೆ ತುಮಕೂರಲ್ಲಿ, ಬಿ.ಎಚ್. ರಸ್ತೆಯಿಂದ ಸ್ವಲ್ಪ ಒಳಗೆ. ಇಷ್ಟು ವರ್ಷ ದೇವರಿಗೆ ಏರಿಸುವ ಹತ್ತಿಯ ಸರ, ಗೆಜ್ಜೆವಸ್ತ್ರ, ಅಂದ್ರೆ ಅಮ್ಮನ ಕೆಲಸ, ಉಳಿದ ಅಲಂಕಾರ ಅಂದ್ರೆ ನಾನು ಅಂಗಡಿಯಿಂದ ತರುತ್ತಿದ್ದ ಥರ್ಮೋಕೋಲ್ ಮಂಟಪ. ಥರ್ಮೋಕೋಲಿನ ಅಲಂಕಾರ ಸಾಮಾನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧದ ಪಟ್ಟಿಗೆ ಸೇರಿತು. ಹಳೆಯದನ್ನೇ ಅಟ್ಟದಿಂದ ಇಳಿಸಿ, ಮುರಿದ ಕಡೆ ಟೇಪ್ ಹಾಕಿ ಒಂದೆರಡು ಹಬ್ಬ ದೂಡಿದ್ದಾಯಿತು. ಈ ಸಲ ಇಳಿಸಿದರೆ ಅರ್ಧ ಮಂಟಪ ಬಿಳಿ ಕಾಳಾಗಿ ಅಟ್ಟದ ತುಂಬ ಚೆಲ್ಲಿತ್ತು. ಅದೇ ಹೊತ್ತಿಗೆ ಅಮ್ಮನ ಬೆರಳ ಗೆಣ್ಣು ಊದಿಕೊಂಡು ಹತ್ತಿ ಹೊಸೆಯುವುದು ಆಗದು ಅನ್ನುವ ಸ್ಥಿತಿ. ಅಂಗಡಿಯಿಂದ ಸಿದ್ಧ ಗೆಜ್ಜೆವಸ್ತ್ರ ತಂದುಕೊಟ್ಟೆ. ಪ್ಲಾಸ್ಟಿಕ್ ಮಣಿ, ಸ್ಪಂಜು, ಮಿನುಗೋ ಜರಿ. ಅಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದು ಗಣಪತಿಗೋ, ಮದುವೆ ಕಾರಿಗೋ?" ಅಂದಳು.

"ಗೌರಿ ಹಬ್ಬ ಬಂತೂಂದ್ರೆ ನಾವು ಹೆಂಗಸರು ಅಡುಗೆಮನೆಯಲ್ಲಿ ಸುಣ್ಣ ಆಗ್ತೀವಿ. ಆ ಮಂಟಪದ ಕೆಲಸ ಪೂರ್ತಿ ನೀವೇ ಹಿಡ್ಕೊಳ್ಳಿ," ಅಂತ ನನ್ನ ಹೆಂಡತಿ ತೀರ್ಪು ಕೊಟ್ಟಳು. ನ್ಯಾಯವೇ.

ಹತ್ತಿಯಿಂದ ಶುರು. ಗುಬ್ಬಿ ಕಡೆಯ ಹಳ್ಳಿಯಲ್ಲಿರುವ ನಮ್ಮತ್ತೆ, ಅಪ್ಪನ ತಂಗಿ, ಶ್ರಾವಣದಲ್ಲಿ ಮನೆಗೆ ಬಂದಾಗ ಒಂದು ಚೀಲ ಹತ್ತಿ ತಂದಿದ್ದರು. ಅವರ ಹಿತ್ತಿಲಲ್ಲೇ ಹತ್ತಿ ಗಿಡ ಇದೆ, ದೀಪದ ಬತ್ತಿಗೆ ಅಂತ ಸಾಕಿಕೊಂಡಿರುವುದು. ನಾನು ಅಷ್ಟರಲ್ಲಿ ಮೆಡಿಕಲ್ ಸ್ಟೋರಿನಿಂದ ನೀಲಿ ಕಾಗದದಲ್ಲಿ ಸುತ್ತಿದ ಹತ್ತಿ ತಂದಿಟ್ಟಿದ್ದೆ. ಎಷ್ಟು ಬೆಳ್ಳಗೆ, ಎಷ್ಟು ಮೆತ್ತಗೆ! ಅತ್ತೆ ನೋಡಿ, "ಇದು ಗಾಯಕ್ಕೆ ಹಚ್ಚೋ ಹತ್ತಿ ಕಣೋ, ಗೆಜ್ಜೆಗಲ್ಲ," ಅಂತ ಪಕ್ಕಕ್ಕೆ ಸರಿಸಿದರು.

ಯಾಕೆ ಅನ್ನುವುದು ಕುಂಕುಮ ಇಟ್ಟಾಗ ಕಣ್ಣಿಗೇ ಕಂಡಿತು. ಗಿಡದ ಹತ್ತಿಯ ಎಳೆಯ ಮೇಲೆ ಸಹಜವಾಗಿ ಒಂದು ಮೇಣದ ಪದರ ಇರುತ್ತದೆ. ನೀರು ಬೇಗ ಹೀರುವುದಿಲ್ಲ. ಆಸ್ಪತ್ರೆ ಹತ್ತಿಯಲ್ಲಿ ಆ ಮೇಣವನ್ನು ಕುದಿಸಿ ತೆಗೆದು, ಬಿಳುಪು ಮಾಡಿರುತ್ತಾರೆ, ರಕ್ತ ಹೀರಲಿ ಅಂತಲೇ. ಹಾಗಾಗಿ ಅದರ ಮೇಲೆ ಒದ್ದೆ ಕುಂಕುಮದ ಬೊಟ್ಟು ಇಟ್ಟರೆ ಸರ್ರನೆ ಹರಡಿ ಗೆಜ್ಜೆಯೆಲ್ಲ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಗಿಡದ ಹತ್ತಿಯ ಮೇಲೆ ಬೊಟ್ಟು ಇಟ್ಟ ಜಾಗದಲ್ಲೇ ಕೂರುತ್ತದೆ, ಕಡುಗೆಂಪಾಗಿ, ಅಂಚು ಚೂಪಾಗಿ. ಹಿತ್ತಿಲಲ್ಲಿ ಗಿಡ ಇಲ್ಲದವರು ಗ್ರಂದಿಗೆ ಅಂಗಡಿಯಲ್ಲಿ ಬತ್ತಿ ಹತ್ತಿ ಅಂತ ಕೇಳಿ ತಂದರೆ ಆಯಿತು.

ಬೀಜ ಬಿಡಿಸುವುದು ಬೇಜಾರಿನ ಕೆಲಸ. ಟಿ.ವಿ. ಮುಂದೆ ಕೂತು ಮಾಡಬಹುದು ಅನ್ನುವುದೊಂದೇ ಸಮಾಧಾನ. ಬಿಡಿಸಿದ ಮೇಲೆ ಹಿಂಜಬೇಕು. ಕಸ, ಒಣಎಲೆ ಚೂರು, ಗಂಟು ಎಲ್ಲ ಹೋಗಿ ಹತ್ತಿ ಗಾಳಿಗೆ ಹಾರುವಷ್ಟು ಹಗುರ ಆಗುವ ತನಕ ಎಳೆದೆಳೆದು ಬಿಡಿಸುವುದು. ಇಲ್ಲಿ ಅವಸರ ಮಾಡಿದರೆ ಮುಂದೆ ಪ್ರತಿ ಗೆಜ್ಜೆಯಲ್ಲೂ ಗಂಟು ಸಿಕ್ಕಿ ಎಳೆ ತುಂಡಾಗುತ್ತದೆ.

ಗೆಜ್ಜೆ ಕಟ್ಟುವ ಕ್ರಮ ಹೇಳೋಕೆ ಎರಡು ಮಾತು, ಕೈಗೆ ಹತ್ತೋಕೆ ಎರಡು ವಾರ. ಹಿಂಜಿದ ಹತ್ತಿಯನ್ನು ಉದ್ದಕ್ಕೆ ಪಟ್ಟಿಯ ಹಾಗೆ ಎಡಗೈಯಲ್ಲಿ ಹಿಡಿದುಕೊಳ್ಳಬೇಕು. ಬಲಗೈಯ ಹೆಬ್ಬೆರಳು, ತೋರುಬೆರಳಿಗೆ ವಿಭೂತಿ ಸವರಿಕೊಂಡು ತುದಿಯನ್ನು ಹೊಸೆದರೆ ಅದು ದಾರ. ಆಮೇಲೆ ಹುಣಿಸೆಬೀಜದಷ್ಟು ಹತ್ತಿಯನ್ನು ಹೊಸೆಯದೆ ಉಬ್ಬಿಸಿ ಬಿಟ್ಟು, ಮುಂದೆ ಮತ್ತೆ ಹೊಸೆಯಬೇಕು. ಆ ಉಬ್ಬೇ ಗೆಜ್ಜೆ. ಹೀಗೆ ಉಬ್ಬು, ಹೊಸೆತ, ಉಬ್ಬು, ಹೊಸೆತ ಅಂತ ಸರ ಬೆಳೆಯುತ್ತ ಹೋಗುತ್ತದೆ. ಕೆಲವರು ಬೆರಳಿಗೆ ಹಾಲು ಹಚ್ಚಿಕೊಂಡು ಹೊಸೆಯುತ್ತಾರೆ. ನಮ್ಮತ್ತೆಗೆ ಅದು ಆಗದು. ಹಬ್ಬಕ್ಕೆ ತಿಂಗಳು ಮುಂಚೆ ಮಾಡಿಡುವುದಾದರೆ ಹಾಲಿನ ವಾಸನೆಗೆ ಇರುವೆ ಬರುತ್ತವೆ, ಮಳೆಗಾಲದ ತಂಪಿಗೆ ಹುಳಿ ವಾಸನೆಯೂ ಹೊಡೆಯುತ್ತದೆ.

ಒಂದು ವಿಷಯವನ್ನು ಯಾರೂ ಬಾಯಲ್ಲಿ ಹೇಳಿಕೊಡುವುದಿಲ್ಲ, ಯಾಕೆಂದರೆ ಅವರ ಕೈ ಅದನ್ನು ತಾನಾಗೇ ಮಾಡಿಬಿಡುತ್ತದೆ. ಹೊಸೆತ ಮೊದಲಿಂದ ಕೊನೆತನಕ ಒಂದೇ ದಿಕ್ಕಿಗೆ ಇರಬೇಕು. ಹೆಬ್ಬೆರಳನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಆಡಿಸಿದರೆ ಹೊಸೆದದ್ದು ಬಿಚ್ಚಿಕೊಳ್ಳುತ್ತದೆ. ನನ್ನ ಸರ ನಡುವೆ ನಡುವೆ ಜಾರುತ್ತಿದ್ದದ್ದನ್ನು ಅತ್ತೆ ಸುಮ್ಮನೆ ನೋಡುತ್ತಿದ್ದವರು, ನನ್ನ ಹೆಬ್ಬೆರಳನ್ನು ಹಿಡಿದು ಮುಂದಕ್ಕೆ ನೂಕಿ, "ಹಿಂಗೇ. ವಾಪಸ್ ತರಬ್ಯಾಡ. ಎತ್ತಿ ಇಡು," ಅಂದರು. ಅಷ್ಟೇ ಪಾಠ.

ನಮ್ಮನೆ ಪದ್ಧತಿಯಲ್ಲಿ ಗೌರಿಗೆ 16 ಗೆಜ್ಜೆಯ ಸರ, ಗಣಪತಿಗೆ 21. ಗೌರಿ ದಾರಕ್ಕೂ 16 ಗಂಟು, ಗಣಪತಿಗೆ ಏರಿಸುವ ಪತ್ರೆಯೂ 21. ಉದ್ದ ಎಷ್ಟು ಬೇಕು ಅನ್ನುವುದು ಮೂರ್ತಿಯ ಎತ್ತರದ ಮೇಲೆ ಹೋಗುತ್ತದೆ. ಸಂಖ್ಯೆ ಬದಲಾಗದ ಕಾರಣ ದೊಡ್ಡ ಮೂರ್ತಿಗೆ ಗೆಜ್ಜೆ ದಪ್ಪ, ಸಣ್ಣದಕ್ಕೆ ಸಣ್ಣ. ಇದನ್ನು ಮೊದಲೇ ತೂಗಿ ನೋಡಿಕೊಂಡು ಕೂರಬೇಕು. ಆಮೇಲೆ ಕುಂಕುಮವನ್ನು ಬಟ್ಟಲಲ್ಲಿ ಗಟ್ಟಿಯಾಗಿ ಕಲಸಿ, ಗೆಜ್ಜೆಗೆಜ್ಜೆಯ ನಡುವೆ ಹೊಸೆದ ಕುತ್ತಿಗೆಗೆ ಪೊರಕೆ ಕಡ್ಡಿಯ ತುದಿಯಿಂದ ಬೊಟ್ಟು. ಹೊಸ ಪೊರಕೆಯ ಕಡ್ಡಿ, ಗಾಬರಿ ಆಗಬೇಡಿ. ಒಣಗಲು ಒಂದು ರಾತ್ರಿ ಹಗ್ಗದ ಮೇಲೆ ನೇತುಹಾಕಿದ್ದೆ. ಪಕ್ಕದ ಮನೆಯವರು ಕಿಟಕಿಯಿಂದ ನೋಡಿ, "ಸರ್, ನೀವೇನಾ ಮಾಡಿದ್ದು?" ಅಂತ ಕೇಳಿದ ಧಾಟಿಯಲ್ಲಿ ಮೆಚ್ಚುಗೆ ಎಷ್ಟು, ಅನುಮಾನ ಎಷ್ಟು ಅಂತ ಇನ್ನೂ ತಿಳಿದಿಲ್ಲ.

ಹಿಂಬದಿಯ ಪ್ರಭಾವಳಿಗೆ ಏನು ಮಾಡೋದು ಅನ್ನುವುದು ಮುಂದಿನ ತಲೆನೋವು. ಥರ್ಮೋಕೋಲಿನ ಅನುಕೂಲ ಅಂದ್ರೆ ಅದು ಹಗುರ, ಕತ್ತರಿಸೋಕೆ ಸುಲಭ, ನೆಟ್ಟಗೆ ನಿಲ್ಲುತ್ತೆ. ರಟ್ಟು ಈ ಮೂರೂ ಹೌದು, ಆದರೆ ಒದ್ದೆ ಬಾಳೆ, ಒದ್ದೆ ಹೂವಿನ ನಡುವೆ ಸಂಜೆ ಹೊತ್ತಿಗೆ ಬಾಗಿಬಿಡುತ್ತದೆ. ಅಡಿಕೆ ಪಟ್ಟೆ ಆದೀತು ಅಂತ ಹೊಳೆದದ್ದು ಊಟದ ತಟ್ಟೆ ನೋಡಿ. ನೀರಲ್ಲಿ ನೆನೆದ ಪಟ್ಟೆಯನ್ನು ಕಾಯಿಸಿದ ಅಚ್ಚಿನಲ್ಲಿ ಒತ್ತಿದರೆ ತಟ್ಟೆ ಆಗುತ್ತದೆ ಅಂದ ಮೇಲೆ, ಇಸ್ತ್ರಿ ಪೆಟ್ಟಿಗೆಯಲ್ಲಿ ಒತ್ತಿದರೆ ಹಲಗೆ ಯಾಕಾಗಬಾರದು?

ಅತ್ತೆ ಊರಿನ ತೋಟದಲ್ಲಿ ತಾನಾಗೇ ಉದುರಿ ಬಿದ್ದ ಪಟ್ಟೆಗಳಿಗೆ ಬರವಿಲ್ಲ. ಸೀಳಿಲ್ಲದ, ಬೂಷ್ಟು ಹಿಡಿಯದ, ಅಗಲವಾದವನ್ನು ಆರಿಸಿಕೊಂಡು ಬಂದೆ. ರಾತ್ರಿಯೆಲ್ಲ ನೀರಲ್ಲಿ ಮುಳುಗಿಸಿಟ್ಟರೆ ಬೆಳಿಗ್ಗೆ ಬಟ್ಟೆಯ ಹಾಗೆ ಮಣಿಯುತ್ತದೆ. ತೆಂಗಿನ ನಾರಿಗೆ ಹುಣಿಸೆಹಣ್ಣು ಹಚ್ಚಿ ಉಜ್ಜಿದರೆ ಮಣ್ಣು, ಕಲೆ ಹೋಗಿ ಒಳಮೈ ಕೆನೆ ಬಣ್ಣಕ್ಕೆ ಬರುತ್ತದೆ. ಕತ್ತರಿ ಆಡಿಸುವುದಿದ್ದರೆ ಆಗಲೇ ಆಡಿಸಬೇಕು, ಒಣಗಿದ ಮೇಲೆ ಕತ್ತರಿಸಿದರೆ ಎಳೆಗುಂಟ ಸೀಳು ಓಡುತ್ತದೆ. ಮೊಳೆಗೆ ದಾರ ಕಟ್ಟಿ ಅರ್ಧಚಂದ್ರ ಗೀಚಿ ಕತ್ತರಿಸಿದೆ. ಒಂದು ಪಟ್ಟೆಯ ಅಗಲ ಸಾಲದೆ ಎರಡನ್ನು ಜೋಡಿಸಿ, ಗೋಣಿ ಹೊಲಿಯುವ ದಬ್ಬಳದಿಂದ ತೂತು ಮಾಡಿ ಬಾಳೆನಾರಿನಲ್ಲಿ ಹೊಲಿದದ್ದು. ಬಾಳೆನಾರೂ ಅಷ್ಟೇ, ಒಣಗಿದ್ದನ್ನು ಹಾಗೇ ಎಳೆದರೆ ಪಟ್ ಅಂತ ಕಿತ್ತು ಬರುತ್ತದೆ. ನೆನೆಸಿ ಸಣ್ಣಗೆ ಸೀಳಿಕೊಂಡರೆ ಸುತ್ತಲಿ ದಾರಕ್ಕಿಂತ ಬಿಗಿ ಹಿಡಿಯುತ್ತದೆ.

ಒಣಗಿಸುವುದೇ ಕಷ್ಟ. ಹಾಗೇ ಬಿಟ್ಟರೆ ಪಟ್ಟೆ ಹುಟ್ಟುಗುಣಕ್ಕೆ ಸುರುಳಿ ಸುತ್ತಿಕೊಳ್ಳುತ್ತದೆ. ಎರಡು ಹಳೇ ಪಂಚೆಯ ನಡುವೆ ಇಟ್ಟು, ಮೇಲೆ ಹಲಗೆ, ಹಲಗೆಯ ಮೇಲೆ ರುಬ್ಬೋ ಗುಂಡು. ಹೊರಗೆ ಮೋಡ, ಆದ್ದರಿಂದ ಫ್ಯಾನಿನ ಕೆಳಗೆ. ಪಂಚೆ ಒದ್ದೆಯಾದ ಹಾಗೆಲ್ಲ ಬದಲಾಯಿಸದಿದ್ದರೆ ಬೂಷ್ಟು ಗ್ಯಾರಂಟಿ. ಮುಕ್ಕಾಲು ಒಣಗಿದ ಮೇಲೆ ಮೇಲೊಂದು ಬಟ್ಟೆ ಹಾಸಿ ಬಿಸಿ ಇಸ್ತ್ರಿ ಒತ್ತಿ ಹಿಡಿದೆ. ಬೇಯಿಸಿದ ಕಡ್ಲೆಕಾಯಿ ಸಿಪ್ಪೆಯಂಥ ಒಂದು ವಾಸನೆ ಬಂತು, ಪಟ್ಟೆ ಹಲಗೆಯಾಗಿ ನಿಂತಿತು. ಇಸ್ತ್ರಿ ಪೆಟ್ಟಿಗೆಯ ತಳಕ್ಕೆ ಅಂಟಿದ ಕಂದು ಕಲೆಯ ವಿಚಾರ ಮನೆಯಲ್ಲಿ ಇನ್ನೂ ಇತ್ಯರ್ಥ ಆಗಿಲ್ಲ.

ಬಣ್ಣಕ್ಕೆ ರಂಗೋಲಿಯ ಸುತ್ತ ಬಳಿಯುವ ಕೆಮ್ಮಣ್ಣನ್ನೇ ಮೈದಾ ಅಂಟಿನಲ್ಲಿ ಕಲಸಿ ಅಂಚು ಬಳಿದೆ, ಮೇಲೆ ಅಕ್ಕಿಹಿಟ್ಟಿನ ಬಿಳಿ ಚುಕ್ಕಿ. ಕೆನೆ, ಕೆಂಪು, ಬಿಳಿ ಮೂರೇ ಬಣ್ಣ. ನನ್ನ ಮಟ್ಟಿಗೆ ಅದಕ್ಕಿಂತ ಚೆಂದದ ಪ್ರಭಾವಳಿ ಅಂಗಡಿಯಲ್ಲಿ ಕಂಡಿಲ್ಲ.

ಮೈದಾ ಅಂಟಿನ ಬಗ್ಗೆ ಒಂದು ಮಾತು. ತಣ್ಣೀರಲ್ಲಿ ಗಂಟಿಲ್ಲದೆ ಕದಡಿಕೊಂಡು ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿದರೆ, ಬೆಳ್ಳಗಿದ್ದದ್ದು ಹೊಳಪಾಗಿ ಗಾಜಿನ ಬಣ್ಣಕ್ಕೆ ತಿರುಗುವ ಹೊತ್ತಿಗೆ ಅಂಟು ಬಂದಿರುತ್ತದೆ. ಪುಸ್ತಕ ಬೈಂಡ್ ಮಾಡುವವರು ಹುಳ, ಜಿರಳೆ ಮುಟ್ಟದಿರಲಿ ಅಂತ ಅದಕ್ಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ. ಮಕ್ಕಳು ಕೈಹಾಕುವ ಅಂಟಿಗೆ ಖಂಡಿತ ಬೇಡ. ಚಿಟಿಕೆ ಪಟಿಕದ ಪುಡಿ ಸಾಕು, ಅದೂ ಇಲ್ಲದಿದ್ದರೆ ಬೇಕಾದಷ್ಟೇ ಮಾಡಿಕೊಂಡು ಮಾರನೇ ದಿನಕ್ಕೆ ಚೆಲ್ಲಿದರಾಯಿತು. ಮಗಳು ಅದೇ ಅಂಟಲ್ಲಿ ಬಣ್ಣದ ಕಾಗದದ ಸರಪಳಿ, ಸುತ್ತಲಿ ದಾರಕ್ಕೆ ಅಂಟಿಸಿದ ತ್ರಿಕೋನದ ಬಾವುಟ ಮಾಡಿ ವರಾಂಡ ಪೂರ್ತಿ ಕಟ್ಟಿದಳು. ಕಾಗದದ ಕೆಲಸ ಎಲ್ಲರಿಗೂ ಗೊತ್ತಿರುವುದೇ. ಮಳೆ ಇರಚಲು ಬೀಳದ ಕಡೆ ಕಟ್ಟಿ, ಅಷ್ಟೇ.

ಮೂರ್ತಿ ಮಾಡುವುದಕ್ಕೆ ಮಾತ್ರ ನಾವು ಕೈಹಾಕಲಿಲ್ಲ. ಬಣ್ಣ ಬಳಿಯದ ಹಸಿ ಮಣ್ಣಿನ ಗಣಪನನ್ನು ಕೊಂಡು ತಂದದ್ದು. ಮಣ್ಣಿಗೆ ಅದರದ್ದೇ ನಿಧಾನ ಬೇಕು, ಆತುರದಲ್ಲಿ ಒಣಗಿಸಿದರೆ ಬಿರುಕು ಬಿಡುತ್ತದೆ. ನಮ್ಮೂರ ಪಕ್ಕದ ಗೂಳೂರನ್ನೇ ನೋಡಿ. ನಾಡೆಲ್ಲ ಗಣಪತಿಯನ್ನು ಕೂರಿಸುವ ಚೌತಿಯ ದಿನ ಅಲ್ಲಿ ಮಹಾಗಣಪತಿಯನ್ನು ಮಾಡುವ ಕೆಲಸ ಶುರು. ಆಳೆತ್ತರ ಮೀರಿದ ಆ ಮಣ್ಣಿನ ಮೂರ್ತಿ ಸಿದ್ಧವಾಗಿ ಪೂಜೆ ಶುರುವಾಗುವುದು ದೀಪಾವಳಿಯ ಬಲಿಪಾಡ್ಯಮಿಗೆ, ಆಮೇಲೆ ಕಾರ್ತಿಕವೆಲ್ಲ ಪೂಜೆ. ಅಷ್ಟು ಪುರುಸೊತ್ತಿನ ಲೆಕ್ಕ ಹಾಕಿಕೊಂಡ ಊರು ಅದು. ಅಮ್ಮ ಹೇಳುವ ಪ್ರಕಾರ, ಒಂದು ಹಬ್ಬಕ್ಕೆ ಬೇಕಾದ್ದನ್ನು ಹಿಂದಿನ ಹಬ್ಬದ ದಿನ ಶುರುಮಾಡಬೇಕು ಅಂತ ಬುದ್ಧಿ ಇರುವವರು ಗೂಳೂರಿನವರು ಮಾತ್ರ.

ಗರಿಗೂ ಹೊಂಬಾಳೆಗೂ, ಅಂದ್ರೆ ಅಡಿಕೆಯ ಹೂಗೊಂಚಲಿಗೂ, ಅತ್ತೆಯ ತೋಟವೇ ಗತಿ. ಹಳದಿ ಬಣ್ಣದ ಎಳೆಸುಳಿ ಸಿಕ್ಕರೆ ತೋರಣ ಚೆನ್ನಾಗಿ ಬರುತ್ತೆ ಅಂತ ಫೋನಿನಲ್ಲಿ ಕೇಳಿದೆ.

"ಸುಳಿ ಕೇಳ್ತೀಯಲ್ಲೋ, ಮರಕ್ಕಿರೋದು ಒಂದೇ ಸುಳಿ. ಅದಕ್ಕೆ ಕತ್ತಿ ಹಾಕಿ ಏನಾರ ಆದ್ರೆ ಮರ ನೀನು ಕೊಡ್ತೀಯ?"

ಮಾತು ಸರಿ. ತೆಂಗಿಗೆ ಕೊಂಬೆ ಒಡೆಯುವ ಗುಣವಿಲ್ಲ. ತುದಿಯಲ್ಲಿರುವ ಒಂದೇ ಮೊಗ್ಗಿನಿಂದ ಎಲ್ಲ ಗರಿಯೂ ಬರಬೇಕು, ಅದು ಸತ್ತರೆ ಮರವೇ ಸತ್ತಂತೆ.

"ಹೋಗ್ಲಿ, ಹೊಂಬಾಳೆ?"

"ಅಡಿಕೆ ರೇಟು ನೋಡ್ಕಂಡು ಕೇಳಪ್ಪ." ಒಂದು ಹೊಂಬಾಳೆ ಅಂದ್ರೆ ಮುಂದಿನ ಒಂದು ಗೊನೆ ಅಡಿಕೆ. ಆದರೂ ಗೌರಿ ಹಬ್ಬದ ಹಿಂದಿನ ದಿನ ಭಾವ ಗೂಡ್ಸ್ ಆಟೋದಲ್ಲಿ ಬಾಳೆಕಂದು, ಹಸಿ ಗರಿ, ಮಾವಿನ ಸೊಪ್ಪು ಹಾಕಿಕೊಂಡು ಬಂದಾಗ ಎಲ್ಲದರ ಅಡಿಯಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿದ ಒಂದು ಹೊಂಬಾಳೆ ಇತ್ತು. ಹೊದಿಕೆ ಬಿಡಿಸದೆ ಹಾಗೇ ಇಡಿ, ಬಿಡಿಸಿದರೆ ಕಾಳುದುರುತ್ತೆ ಅಂತ ಹೇಳಿಕಳಿಸಿದ್ದರು.

ಮಂಟಪದ ಕಟ್ಟು ನಮ್ಮಜ್ಜನ ಕಾಲದ್ದು: ಮರದ ಸ್ಟೂಲನ್ನು ತಲೆಕೆಳಗು ಮಾಡಿದರೆ ನಾಲ್ಕು ಕಾಲೇ ನಾಲ್ಕು ಕಂಬ. ಕಾಲಿಗೆ ಬಾಳೆಯ ಪಟ್ಟೆ ಸುಲಿದು ಸುತ್ತಿದರೆ ಬೆಳ್ಳನೆ ಹೊಳೆಯುವ ಕಂಬ ಆಗುತ್ತದೆ. ಈ ಕೆಲಸಕ್ಕೆ ಹಳೇ ಅಂಗಿ ಹಾಕಿಕೊಳ್ಳಿ. ಬಾಳೆಯ ಕರೆ ಬಟ್ಟೆಗೆ ಬಿತ್ತೋ, ಆ ಬಟ್ಟೆ ಹರಿದರೂ ಕಲೆ ಹೋಗುವುದಿಲ್ಲ.

ಗರಿ ಹೆಣೆಯೋಕೆ ಭಾವ ಕೂತರು. ಇಡೀ ಗರಿಯನ್ನು ನಡುದಿಂಡಿನಗುಂಟ ಸೀಳಿ ಎರಡು ಹೋಳು ಮಾಡಿ, ಒಂದು ಹೋಳಿನ ಎಲೆಗಳನ್ನು ಒಂದು ಬಿಟ್ಟು ಒಂದು ಮಡಿಸುತ್ತ, ಪಕ್ಕದ್ದರ ಮೇಲೆ, ಅದರ ಪಕ್ಕದ್ದರ ಅಡಿಗೆ ನುಗ್ಗಿಸುತ್ತ ಹೋದರೆ ತಡಿಕೆ. ಅವರ ಕೈ ಓಡುವಾಗ ಏನು ನಡೆಯುತ್ತಿದೆ ಅಂತಲೇ ಕಾಣುವುದಿಲ್ಲ. ನಿಧಾನಕ್ಕೆ ಮಾಡಿ ಅಂದರೆ, "ನಿಧಾನಕ್ಕೆ ನಂಗೇ ಬರಲ್ಲ ಕಣೋ," ಅಂದರು. ನಿಜ ಇರಬೇಕು, ನಿಧಾನ ಮಾಡಿದಾಗ ಅವರೇ ಒಂದು ಎಲೆ ತಪ್ಪಿಸಿದರು. ಮಂಟಪದ ಎರಡು ಪಕ್ಕಕ್ಕೆ ಎರಡು ತಡಿಕೆ, ಉಳಿದ ಎಲೆಯಲ್ಲಿ ಮಗಳಿಗೆ ಗಿರಿಗಿಟ್ಟಲೆ, ಪೀಪಿ, ಕೈಗೊಂದು ವಾಚು. ಗಿರಿಗಿಟ್ಟಲೆಗಳನ್ನು ಅವಳು ಮಾವಿನ ತೋರಣದ ನಡುನಡುವೆ ಪೊರಕೆ ಕಡ್ಡಿಯಲ್ಲಿ ಚುಚ್ಚಿಟ್ಟಳು. ಗುಂಡುಸೂಜಿ ಎಲ್ಲೂ ಬಳಸಲಿಲ್ಲ, ಆಮೇಲೆ ಗರಿ ತಿಪ್ಪೆಗೋ ಹಸುವಿನ ಮುಂದಕ್ಕೋ ಹೋಗುವಂಥದ್ದು. ಹೆಣೆದ ತಡಿಕೆಯ ಮೇಲೆ ಒದ್ದೆ ಗೋಣಿ ಹೊದಿಸಿಟ್ಟರೆ ಮಾರನೇ ದಿನವೂ ಹಸಿರು ಇಳಿಯುವುದಿಲ್ಲ.

ಹೂವಿಗೆ ಚೌತಿಯ ನಸುಕಿನಲ್ಲೇ ಅಂತರಸನಹಳ್ಳಿ ಮಾರುಕಟ್ಟೆಗೆ ಹೋದೆ. ಹಬ್ಬದ ದಿನ ಅಲ್ಲಿ ಚೌಕಾಸಿ ಮಾಡುವವನು ಮೂರ್ಖ, ಮಾಡದವನೂ ಮೂರ್ಖ. ಎಕ್ಕದ ಹೂವು ಮಾತ್ರ ದುಡ್ಡು ಕೊಟ್ಟು ತರಬೇಕಾಗಿರಲಿಲ್ಲ, ದಾರಿಬದಿಯ ಖಾಲಿ ಸೈಟಿನಲ್ಲೇ ಬೆಳೆದಿರುತ್ತದೆ. ಅದನ್ನು ಕೀಳುವಾಗ, ಪೋಣಿಸುವಾಗ ಬರುವ ಹಾಲು ಕಣ್ಣಿಗೆ ತಾಗಿದರೆ ಕಣ್ಣು ಕೆಂಪಾಗಿ ಮಂಜಾಗುವಷ್ಟು ಅಪಾಯ. ಮಕ್ಕಳ ಕೈಗೆ ಎಕ್ಕ ಕೊಡದೆ ಗರಿಕೆ ಕೊಡಿ. ಮೂರು ಎಸಳಿನ ಕುಡಿ ಆರಿಸಿ ಕಟ್ಟು ಕಟ್ಟುವುದು ಅವರಿಗೂ ಆಟ.

ಎಲ್ಲ ಕೂಡಿಸಿದ್ದು ಪೂಜೆಗೆ ಸ್ವಲ್ಪ ಮುಂಚೆ. ಹಿಂದೆ ಪಟ್ಟೆಯ ಪ್ರಭಾವಳಿ, ಪಕ್ಕಕ್ಕೆ ತಡಿಕೆ, ಮುಂದೆ ಎರಡು ಬಾಳೆಕಂದು, ಮೇಲೆ ತೋರಣ. ಹೊಂಬಾಳೆಯ ಹೊದಿಕೆಯನ್ನು ಅಮ್ಮನೇ ಕೊನೆಗೆ ಸೀಳಿ, ಅಕ್ಕಿಯಂಥ ಮೊಗ್ಗಿನ ಗೊಂಚಲನ್ನು ಪ್ರಭಾವಳಿಯ ತಲೆಗೆ ಇಳಿಬಿಟ್ಟಳು. ಆ ಪರಿಮಳ ಕರ್ಪೂರವನ್ನೂ ಹಿಂದೆ ಹಾಕಿತು. ಗೆಜ್ಜೆವಸ್ತ್ರ ಏರಿಸುವಾಗ ಅಮ್ಮ ಒಂದೊಂದೇ ಗೆಜ್ಜೆ ಎಣಿಸಿದಳು. ಇಪ್ಪತ್ತೊಂದು ಇತ್ತು. "ಹನ್ನೆರಡನೇದು ಸ್ವಲ್ಪ ದಪ್ಪ," ಅಂದಳು. ಅಷ್ಟೇ ಮಾರ್ಕು.

ವಿಸರ್ಜನೆ ಮನೆಯ ಡ್ರಮ್ಮಿನಲ್ಲೇ. ಹೂವು, ಪತ್ರೆ, ಹತ್ತಿ ಎಲ್ಲ ಮೊದಲೇ ತೆಗೆದಿಟ್ಟದ್ದರಿಂದ ಉಳಿದದ್ದು ಬರೀ ಮಣ್ಣು, ಅದು ತುಳಸಿ ಕುಂಡಕ್ಕೆ ಹೋಯಿತು. ಬಾಳೆದಿಂಡನ್ನು ಹಿಂದಿನ ಬೀದಿಯ ಹಸುವಿಗೆ ಹಾಕಿದೆವು. ಗರಿಯನ್ನು ಎಸೆಯೋಕೆ ಅಮ್ಮ ಬಿಡಲಿಲ್ಲ. ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಎಲೆ ಸಿಗಿಸಿ, ಕಡ್ಡಿ ತೆಗೆಸಿ ಪೊರಕೆಗೆ ಕಟ್ಟಿಸಿದ್ದಾಳೆ. ಪಟ್ಟೆಯ ಪ್ರಭಾವಳಿಯನ್ನು ಹಳೇ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಸೇರಿಸಿದ್ದೇನೆ. ಅಕ್ಕಿಹಿಟ್ಟಿನ ಚುಕ್ಕಿಯ ರುಚಿ ಇಲಿಗೆ ಗೊತ್ತಾಗದಿದ್ದರೆ ಮುಂದಿನ ಚೌತಿಗೂ ಅದೇ, ಗೊತ್ತಾದರೆ ಆಷಾಢದಲ್ಲೇ ಅತ್ತೆ ತೋಟಕ್ಕೆ ಹೋಗಿ ಇನ್ನೆರಡು ಪಟ್ಟೆ ಆರಿಸಿಕೊಂಡು ಬರಬೇಕು.